ಗಾಜಿನ ಗೋಡೆಯ ಪಕ್ಕದ ಕುರ್ಚಿ

ಹತ್ತನೇ ತರಗತಿಯಲ್ಲಿ ರೇಷ್ಮಾಗೆ ಸಿಕ್ಕಿದ್ದು ಗಾಜಿನ ಗೋಡೆಗೆ ಅಂಟಿದ ಕುರ್ಚಿ. ಛತ್ರಪತಿ ಸಂಭಾಜಿನಗರದ ಆ ಶಾಲೆಯ ತರಗತಿಗಳಿಗೆ ಪಡಸಾಲೆಯ ಕಡೆ ಪೂರಾ ಗೋಡೆಯೇ ಇರಲಿಲ್ಲ. ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಸೂರಿನವರೆಗೂ ಗಾಜು. ಬೆಳಕು ಹೆಚ್ಚಾದರೆ ಮಕ್ಕಳ ಬುದ್ಧಿ ಹೆಚ್ಚುತ್ತದೆಂದು ನಕ್ಷೆ ಮಾಡಿದವರು ಹೇಳಿದ್ದರಂತೆ. ನಾಸಿಕದ ಶಾಖೆಯಲ್ಲಿ ಹೆಚ್ಚಿತ್ತಂತೆ ಕೂಡ. ಅಲ್ಲಿ ಗಾಜಿನಾಚೆ ತೋಟವಿತ್ತು. ಇಲ್ಲಿ ಗಾಜಿನಾಚೆ ರೇಷ್ಮಾಳ ಅವ್ವ ಇದ್ದಳು.

ಕಲಬುರಗಿ ಕಡೆಯಿಂದ ದುಡಿಯಲು ಬಂದ ಸಾವಿತ್ರಿಬಾಯಿ ಶಾಲೆಯ ಹೊಸ ಕಟ್ಟಡಕ್ಕೆ ಉಸುಕು ಹೊರುತ್ತಿದ್ದಳು. ದಾರಿ ಇದ್ದದ್ದೇ ಆ ಪಡಸಾಲೆಯಲ್ಲಿ. ಕೆಲಸಗಾರರ ಮಕ್ಕಳಿಗೆಂದು ಶಾಲೆ ಕೊಟ್ಟ ಒಂದೇ ಒಂದು ಪುಕ್ಕಟೆ ಸೀಟು ರೇಷ್ಮಾಳದು. ಗಣಿತದಲ್ಲಿ ಎಪ್ಪತ್ತು ಬಾರದಿದ್ದರೆ ಅದು ಹೋಗುತ್ತದೆ. ಅವ್ವ ಹಿಂದೆ ದುಡಿಯುತ್ತಿದ್ದ ಸಿನ್ನರಿನ ಸರಕಾರಿ ಶಾಲೆಯಲ್ಲಿ ತೊಂಬತ್ತು ತೆಗೆಯುತ್ತಿದ್ದವಳು ಇಲ್ಲಿ ಐವತ್ತು ದಾಟಿರಲಿಲ್ಲ. ಇನ್ನು ಬೋರ್ಡ್ ಪರೀಕ್ಷೆಗೆ ಮುಂಚಿನ ಪ್ರಿಲಿಮ್ ಪರೀಕ್ಷೆಯೊಂದೇ ಉಳಿದಿತ್ತು.

ಅವ್ವ ಪ್ರತಿ ಸಲವೂ ಗಾಜಿನ ಬಳಿ ನಿಲ್ಲುತ್ತಿದ್ದಳು. ಮಗಳ ಪೆನ್ನು ಓಡುತ್ತಿದೆಯೋ ಇಲ್ಲವೋ ನೋಡುತ್ತಿದ್ದಳು. ಓಡದಿದ್ದರೆ, ತಲೆಯ ಮೇಲಿನ ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಿಂದ 'ಬರಿ, ಬರಿ' ಎಂದು ಸನ್ನೆ ಮಾಡುತ್ತಿದ್ದಳು.

"ರೇಷ್ಮಾ, ತುಝಾ ಸಿಸಿಟಿವಿ ಆಲಾ!" ನಿನ್ನ ಸಿಸಿಟಿವಿ ಬಂತು ಎಂದು ಹಿಂದಿನ ಹುಡುಗರು ಮರಾಠಿಯಲ್ಲಿ ಕಿಸಿಯುತ್ತಿದ್ದರು.

ರೇಷ್ಮಾಗೆ ನಾಚಿಕೆಯೇನೂ ಇರಲಿಲ್ಲ. ನಾಚಿಕೆಯಾಗಿದ್ದರೆ ತಲೆ ತಗ್ಗಿಸಿ ಕೂರಬಹುದಿತ್ತು. ಇವಳ ತಲೆ ತಾನಾಗಿಯೇ ಮೇಲೇಳುತ್ತಿತ್ತು. ಒಂದು ನೆರಳು ಹಾದುಹೋದರೆ ಪ್ರಮೇಯದ ಅರ್ಧ ಅದರ ಜೊತೆಗೇ ಹೋಗುತ್ತಿತ್ತು.

ಗಣಿತದ ವೈಷ್ಣವಿ ಮಿಸ್ ಬೀದರಿನವರು. "ನನ್ನ ಜಾಗಾ ಬದಲ್ ಮಾಡ್ರಿ ಮಿಸ್," ಎಂದು ರೇಷ್ಮಾ ಅವರನ್ನು ಕೇಳಿದಳು.

"ಎಲ್ಲಿ ಮಾಡ್ಲಿ? ಈ ಕುರ್ಚಿಗಿ ಯಾರೂ ಬರವಲ್ರು, ಟೇಬಲ್ ಎಲ್ಲಾ ನೆಲಕ್ಕ ನಟ್ ಹೊಡ್ದಾರ."

"ಒಂದ್ ಪರದಾ ಆದ್ರೂ ಹಾಕ್ರಿ."

"ಗಾಜಿಗಿ ಒಂದ್ ಕಾಗದ ಹಚ್ಚಿದ್ರ ಸೈತ ಪ್ರಿನ್ಸಿಪಾಲ್ರು ನನ್ನ ಕರೀತಾರವ್ವಾ."

ಆ ಸಂಜೆ ಕೆಲಸಗಾರರ ಶೆಡ್ಡಿನಲ್ಲಿ ರೇಷ್ಮಾ ಅವ್ವನಿಗೇ ಹೇಳಿದಳು. "ಯವ್ವಾ, ಕ್ಲಾಸಿನ್ಯಾಗ ನನ್ನ ನೋಡಬ್ಯಾಡ."

"ಯಾಕ, ನೋಡಿದ್ರ ಸವೀತಿಯೇನು?"

"ಲಕ್ಷ್ಯ ಹತ್ತಂಗಿಲ್ಲ. ಫೇಲ್ ಆಗ್ತೀನಿ."

ಸಾವಿತ್ರಿಬಾಯಿ ರೊಟ್ಟಿ ತಿರುವಿ ಹಾಕಿದಳು. "ಹಂಗಾರ ಬಿಡು. ಆ ಕಡಿ ಮಾರಿ ಮಾಡ್ಕೊಂಡು ಹೋಗ್ತೀನಿ."

ಮಾತಿನಂತೆ ನಡೆದುಕೊಂಡಳು ಕೂಡ. ಪ್ರಿಲಿಮ್ ದಿನ ಬುಟ್ಟಿಯ ಕೆಳಗೆ ಕತ್ತು ಸೆಟೆದು, ಮುಖ ಆಚೆ ತಿರುಗಿಸಿ ಹಾದುಹೋದಳು. ಇದು ಮೊದಲಿಗಿಂತ ಕೆಟ್ಟದಾಯಿತು. ನೋಡುತ್ತಾಳೋ ಇಲ್ಲವೋ ಎಂದು ಈಗ ರೇಷ್ಮಾಳೇ ಕಾಯತೊಡಗಿದಳು. ದಾರಿ ನೋಡದೆ ಎಲ್ಲಿ ಎಡವುತ್ತಾಳೋ ಎಂಬ ದಿಗಿಲು ಬೇರೆ. ಮೊದಲ ಎರಡು ಲೆಕ್ಕ ತಪ್ಪಿ ಹೋದವು. ಮೂರನೆಯದಕ್ಕೆ ಎಳೆದ ವೃತ್ತದ ತುದಿ ಕೂಡಲೇ ಇಲ್ಲ.

ಅವಳು ಎದ್ದಳು. ಉತ್ತರ ಪತ್ರಿಕೆ, ಕಂಪಾಸ್ ಎತ್ತಿಕೊಂಡು ಗಾಜಿನ ಕೆಳಗಿನ ಕಟ್ಟೆಗೆ ಬೆನ್ನು ಕೊಟ್ಟು ನೆಲಕ್ಕೆ ಕುಳಿತಳು. ತರಗತಿ ನಕ್ಕಿತು.

"ರೇಷ್ಮಾ, ಉಠ! ವರ ಬಸ!" ಏಳು, ಮೇಲೆ ಕೂರು ಎಂದು ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಗದರುತ್ತ ಬಂದ ಮಿಸ್ ಬಗ್ಗಿ ಕನ್ನಡದಲ್ಲಿ ಬೈದರು. "ಹುಚ್ಚೀನ? ಹೊರಗಿಂದ ಕುರ್ಚಿ ಖಾಲಿ ಕಾಣಸ್ತದ."

"ಕಾಣಸ್ಲಿ ಮಿಸ್. ನನಗ ಇಲ್ಲಿ ಯಾರೂ ಕಾಣಂಗಿಲ್ಲ."

ಮಿಸ್ ಅಳಿಸಿ ಅಳಿಸಿ ಹರಿದ ಹಾಳೆಯನ್ನು ನೋಡಿದರು. "ಲಗೂ ಬರಿ. ಯಾರರ ಕೇಳಿದ್ರ ನಾ ಹೇಳಿಲ್ಲ ಮತ್ತ."

ವೃತ್ತ ಕೂಡಿತು. ಪ್ರಮೇಯದ ಸಾಧನೆಯ ಮೊದಲ ಸಾಲು ಬಂತು, ತಡವರಿಸಿ ಎರಡನೆಯದು, ಆಮೇಲೆ ಮೂರು ಒಟ್ಟಿಗೆ. ಅಷ್ಟರಲ್ಲಿ ತಲೆಯ ಮೇಲಿನ ಗಾಜಿಗೆ ಟಕಟಕ ಬಡಿತ ಬಿತ್ತು.

ನೋಡುವುದಿಲ್ಲ ಎಂದಿದ್ದ ಅವ್ವನಿಗೆ ಖಾಲಿ ಕುರ್ಚಿ ಕಂಡಿತ್ತು. ಮಿಸ್ ನೆಲದ ಕಡೆ ಬೆರಳು ತೋರಿಸುತ್ತಿದ್ದರು, ಇದ್ದಾಳೆ ಎಂದು ಕೈಯಾಡಿಸುತ್ತಿದ್ದರು. ಬಡಿತ ನಿಲ್ಲಲಿಲ್ಲ. ಬುಟ್ಟಿ ಇಳಿಸಿ ಎರಡೂ ಅಂಗೈಯಿಂದ ಬಡಿಯುತ್ತಿರಬೇಕು. ರೇಷ್ಮಾ ಒಂದು ಕೈ ಮೇಲೆತ್ತಿದ್ದರೆ ಸಾಕಿತ್ತು.

ಒಂದು ಕೈಯಲ್ಲಿ ಪೆನ್ನಿತ್ತು, ಇನ್ನೊಂದು ಹಾಳೆಯನ್ನು ಒತ್ತಿ ಹಿಡಿದಿತ್ತು. ಅವಳು ಪುಟ ತಿರುವಿ ನಾಲ್ಕನೆಯ ಲೆಕ್ಕದ ಅಂಕಿ ಹಾಕಿದಳು.