ಭುಜದ ವಾರ

ಅನ್ನ ಬಸಿಯಲೆಂದು ಕೊಪ್ಪರಿಗೆಯ ಬಲಗಿವಿ ಹಿಡಿದ ಶರಾವತಿಯ ಕೈ ಸೊಂಟದವರೆಗೆ ಬಂದು ಅಲ್ಲೇ ನಿಂತಿತು. ಎಡಗಿವಿ ಹಿಡಿದಿದ್ದ ಸಹಾಯಕಿ ನವ್ಯಾ "ಅಕ್ಕಾ, ಎತ್ತಿ, ಎತ್ತಿ" ಎಂದು ಕೂಗುತ್ತಿದ್ದಳು. ಗಂಜಿಯೊಳಗೆ ಅನ್ನ ಕೊತಕೊತ ಕುದಿಯುತ್ತಿತ್ತು. ಇನ್ನು ಸ್ವಲ್ಪ ಬಿಟ್ಟರೆ ಮುದ್ದೆ. ಶರಾವತಿಯ ಭುಜ ಮಾತ್ರ ಸುತರಾಂ ಏಳದು.

"ಆನು ಮೊದ್ಲೇ ಹೇಳಿದ್ನಿಲ್ಯಾ ಅತ್ಗೆ? ಹೋಗು, ಹೋಳಿಗೆ ತಟ್ಟು" ಎಂದು ಮೈದುನ ಹೇರಂಬ ಅವಳನ್ನು ಸರಿಸಿ ಕೊಪ್ಪರಿಗೆ ಎತ್ತಿದ. ಆನಂದಪುರದ ಆ ಮದುವೆಮನೆಯಲ್ಲಿ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಅಡುಗೆ ರವಿಶಂಕರ ಭಟ್ಟರ ತಂಡದಲ್ಲಿ ಮೊದಲ ಅನ್ನ ಬಸಿದವರದ್ದೇ ಯಜಮಾನಿಕೆ. ಉಪ್ಪಿನಿಂದ ಹಿಡಿದು ಪಾಯಸದವರೆಗೆ ಆಮೇಲೆ ಅವರ ಮಾತೇ ನಡೆಯಬೇಕು. ಭಟ್ಟರಿಗೆ ಬೆನ್ನು ಹಿಡಿದು, ಡಾಕ್ಟರು ಭಾರ ಎತ್ತಬೇಡಿ ಅಂದಮೇಲೆ ಆ ಜಾಗಕ್ಕೆ ಇಬ್ಬರೇ: ಗಂಡನ ಕೈಯಳತೆಯೆಲ್ಲ ಬಲ್ಲ ಶರಾವತಿ, ಇಲ್ಲವೇ ಸಾರಿಗೂ ಹುಳಿಗೂ ವ್ಯತ್ಯಾಸ ತಿಳಿಯದ, ತೋಳು ಮಾತ್ರ ಗಟ್ಟಿಯಿದ್ದ ಹೇರಂಬ. ಅದಕ್ಕೇ ಅವಳು ಐವತ್ತು ದಾಟಿದಮೇಲೆ ಚೂಡಿದಾರ್ ತೊಟ್ಟು ಸಾಗರದ ಜಿಮ್ಮಿಗೆ ಸೇರಿದ್ದು.

ಮಾರನೆಯ ದಿನ ಜಿಮ್ಮಿನ ಹರ್ಷನನ್ನು ತರಾಟೆಗೆ ತೆಗೆದುಕೊಂಡಳು.

"ನಿನ್ನೆ ನನ್ನ ಮರ್ಯಾದೆ ಹೋಯ್ತಲ್ಲೋ ಮಾರಾಯ!"

"ಮೊನ್ನೆ ಭುಜದ ದಿನ ಇತ್ತಲ್ಲ ಆಂಟಿ, ನೋವು ಇದ್ದೇ ಇರತ್ತೆ. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಭುಜ, ಗುರುವಾರ ಕಾಲು. ಇಲ್ಲಿ ಎಲ್ರಿಗೂ ಹಿಂಗೇ."

"ಹಲಸಿನಹಣ್ಣು ಕೊಯ್ದ ಹಾಗೆ ನನ್ನ ಮೈ ಪಾಲು ಮಾಡ್ಬೇಡ. ಇವತ್ತು ಭಟ್ರ ಹೆಂಡ್ತಿ ಭುಜಕ್ಕೆ ರಜಾ ಅಂತ ಯಾರಾದ್ರೂ ಮುಹೂರ್ತ ಮುಂದೆ ಹಾಕ್ತಾರಾ? ವಾರಕ್ಕೆ ಮೂರು ದಿನ ಬರ್ತೀನಿ. ಬಂದ ದಿನ ಕಾಲು, ಬೆನ್ನು, ಕೈ, ಎಲ್ಲಾ ಸ್ವಲ್ಪ ಸ್ವಲ್ಪ ಮಾಡ್ಸು."

"ಹಂಗೆ ಮಾಡಿದ್ರೆ ನನ್ನ ಥರ ಬಾಡಿ ಬರಲ್ಲ ಆಂಟಿ."

"ನಿನ್ನ ಬಾಡಿ ಯಾರಿಗೆ ಬೇಕಿತ್ತು? ನಂಗೆ ಅನ್ನ ಬಸೀಬೇಕು."

ಹರ್ಷ ಗೊಣಗಿಕೊಂಡೇ ಮಾಡಿಸಿದ. ಕೂತು ಏಳು, ನೆಲದಿಂದ ರಾಡು ಎತ್ತು, ತಲೆಯ ಮೇಲಕ್ಕೆ ತಳ್ಳು, ಎಲ್ಲವೂ ಒಂದೇ ದಿನ. ಕನ್ನಡಿಯ ಮುಂದೆ ತೋಳು ನೋಡಿಕೊಳ್ಳುವ ಹುಡುಗರು ನಕ್ಕರೆ "ಸರೀರೋ, ಜಾಗ ಬಿಡಿ" ಎನ್ನುತ್ತಿದ್ದಳು.

ಅರಳಸುರಳಿಯ ಮುಕುಂದಯ್ಯನವರ ಮನೆಯ ಉಪನಯನದ ಹೊತ್ತಿಗೆ ಮಳೆಗಾಲ ಕಳೆದಿತ್ತು. ಅನ್ನ ಬೆಂದಾಗ ಹೇರಂಬ ಹೆಗಲ ಮೇಲೆ ಪಂಜೆ ಹಾಕಿಕೊಂಡು ಒಲೆಯ ಹತ್ತಿರ ತಯಾರಾಗಿ ನಿಂತಿದ್ದ. ಮುಕುಂದಯ್ಯನವರೂ ಬಂದರು.

"ಹೇರಂಬಾ, ನೀನೇ ಹಿಡಿಯೋ. ಬಿಸಿ ಗಂಜಿ, ಹೆಂಗಸ್ರ ಕಾಲ ಮೇಲೆ ಬಿದ್ರೆ ಕಷ್ಟ."

"ಬಿದ್ರೆ ನನ್ನ ಕಾಲು ಮುಕುಂದಯ್ಯ. ನೀವು ಆಚೆ ನಿಲ್ಲಿ."

ಶರಾವತಿ ಸೆರಗು ಸಿಕ್ಕಿಸಿ, ಮಂಡಿ ಬಗ್ಗಿಸಿ, ಕೊಪ್ಪರಿಗೆಯ ಕಿವಿಗೆ ಬಟ್ಟೆ ಸುತ್ತಿ ಹಿಡಿದಳು. ಆಚೆಗೆ ನವ್ಯಾ. ಕೊಪ್ಪರಿಗೆ ಒಲೆಯಿಂದ ಎದ್ದಿತು. ಎದೆಮಟ್ಟದ ಕಟ್ಟೆಗೆ ಏರುವಾಗ ಗಂಜಿ ತುಳುಕಿ ಅವಳ ಪಾದಕ್ಕೆ ಸಿಡಿಯಿತು. "ಹಾಂ" ಎಂದಳು, ಕೈ ಬಿಡಲಿಲ್ಲ. ಕೊಪ್ಪರಿಗೆ ಕಟ್ಟೆಯ ಮೇಲಿದ್ದ ಬಸಿಯುವ ಬುಟ್ಟಿಗೆ ಬಾಗಿತು. ಹಬೆಯಲ್ಲಿ ಅವಳು ಕಾಣಲೇ ಇಲ್ಲ, ದನಿಯಷ್ಟೇ ಕೇಳಿತು.

"ಬಾಳೆಲೆ ಇನ್ನೂ ತೊಳದ್ದಿಲ್ಲೆ ಹೇರಂಬಾ."

ಹೇರಂಬ ಅಣ್ಣನ ಮುಖ ನೋಡಿದ. ರವಿಶಂಕರ ಭಟ್ಟರು ಕುರ್ಚಿಯಲ್ಲಿ ಕೂತು ಸೌತೆಕಾಯಿ ಹೆಚ್ಚುತ್ತಿದ್ದರು, ತಲೆ ಎತ್ತಲಿಲ್ಲ. ಹೇರಂಬ ಪಂಜೆಯನ್ನು ಗೂಟಕ್ಕೆ ಸಿಕ್ಕಿಸಿ ನಲ್ಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ. ಎಲೆ ತೊಳೆದ ನೀರು ಕಲ್ಲಿನ ಮೇಲೆ ಹರಿದು, ಬೆಳ್ಳಗೆ ಹೊಗೆಯಾಡುತ್ತಿದ್ದ ಗಂಜಿಯ ಜೊತೆ ಸೇರಿ ಹಿತ್ತಲಿಗೆ ಇಳಿಯಿತು.