ಅಂಚಿನೊಳಗಿನ ಕೂದಲು

ಮದುವೆಯ ಉಡುಪಿನ ಬಿಳಿ ಸ್ಯಾಟಿನ್ನಿನ ಅಂಚಿನಿಂದ ಕೆಂಪು ಕೂದಲಿನ ತುದಿ ಇಣುಕುತ್ತಿರುವುದು ಕಂಡದ್ದೇ ಅರ್ಲೆಟ್‌ಳ ಜೀವ ಬಾಯಿಗೆ ಬಂತು. ಹೊಲಿಗೆಕೋಣೆಯ ಹದಿನೆಂಟು ಹೆಂಗಸರಲ್ಲಿ ಕೆಂಪು ಕೂದಲಿನವಳು ಅವಳೊಬ್ಬಳೇ.

ಮದುವಣಗಿತ್ತಿಯ ಉಡುಪಿನಲ್ಲಿ ತನ್ನದೊಂದು ಕೂದಲು ಸೇರಿಸಿ ಹೊಲಿದವಳಿಗೆ ವರ್ಷದೊಳಗೆ ಮದುವೆ ಎಂದು ಪ್ಯಾರಿಸ್ಸಿನ ಹೊಲಿಗೆಯವರೆಲ್ಲ ನಂಬುತ್ತಿದ್ದರು. ಅರ್ಲೆಟ್‌ಗೆ ಇಪ್ಪತ್ತೇಳು. ಅವಳ ವಾರಿಗೆಯ ಗಂಡಸರಲ್ಲಿ ಎಷ್ಟೋ ಮಂದಿ ಯುದ್ಧದಿಂದ ಮರಳಿರಲಿಲ್ಲ. ಆಸೆ ಬಿಡದೆ ತಾನೂ ಒಂದು ಕೂದಲು ಸೇರಿಸಿದ್ದಳು. ಆದರೆ ಹೋದ ವರ್ಷ ಗಿರಾಕಿಯೊಬ್ಬಳಿಗೆ ಕೂದಲು ಸಿಕ್ಕಿ ದೊಡ್ಡ ರಂಪವಾಗಿತ್ತು. ಕೋಣೆಯ ಮುಖ್ಯಸ್ಥೆ ಮದಾಮ್ ಎರ್ಮೀನ್ ತಾನೇ ಅದನ್ನು ಹೊಲಿದ ಹುಡುಗಿಯ ಕತ್ತರಿ ಕಿತ್ತುಕೊಂಡು ಹೊರಗೆ ಕಳಿಸಿದ್ದಳು. ಆಮೇಲೆ ಅವಳನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಅದಕ್ಕೂ ಹಿಂದಿನ ಮಹಾಯುದ್ಧಕ್ಕೆ ಹೋದ ಯಾರನ್ನೋ ಕಾಯುತ್ತಲೇ ಎರ್ಮೀನ್‌ಳ ತಲೆ ನೆರೆಯಿತು, ಅದಕ್ಕೇ ಈ ಸಿಡುಕು ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು.

ಮೂರಕ್ಕೆ ಉಡುಪುಗಳ ಪ್ರದರ್ಶನ. ಎರಡಕ್ಕೆ ಸಂಸ್ಥೆಯ ನಿರ್ದೇಶಕಿ ಬಂದು ಅಂಚನ್ನು ಇಂಚಿಂಚೂ ನೋಡುತ್ತಾಳೆ. ಗಡಿಯಾರದಲ್ಲಿ ಒಂದೂವರೆ.

"ಏನೇ, ಊಟಕ್ಕೆ ಬರಲ್ವಾ? ಮುಖ ಯಾಕೆ ಸ್ಯಾಟಿನ್ ಥರ ಬಿಳಿಚ್ಕೊಂಡಿದೆ?" ಎಂದಳು ಪಕ್ಕದ ಮೇಜಿನ ಜಿನೆಟ್.

"ಒಂದು ಹೊಲಿಗೆ ಬಾಕಿ ಇದೆ, ನೀ ಹೋಗು."

"ಹಾಗಾದ್ರೆ ನಿನ್ ಪಾಲಿನ ಬ್ರೆಡ್ಡು ನಂದು. ರೇಷನ್ನಿಂದು ಹಾಳಾಗ್ಬಾರ್ದು."

ಎಲ್ಲರೂ ಹೋದರು. ಕೂದಲನ್ನು ದಾರದ ಜೊತೆಗೇ ಪೋಣಿಸಿ ಹೊಲಿದಿದ್ದಳು, ಎಳೆದರೆ ಸ್ಯಾಟಿನ್ ಸುಕ್ಕಾಗುತ್ತದೆ. ಬಿಚ್ಚಲೇಬೇಕು. ಬಟ್ಟೆಗೆ ಬರ ಬಂದ ಊರಿನಲ್ಲಿ ಹದಿನೈದು ಮೀಟರ್ ಸುತ್ತಳತೆಯ ಲಂಗ! ಬೀದಿಯಲ್ಲಿ ಇಂಥ ಲಂಗ ಕಂಡು ಬಯ್ದ ಹೆಂಗಸರೇ ಮನೆಗೆ ಹೋಗಿ ಹಳೇ ಲಂಗದ ಅಂಚು ಬಿಚ್ಚಿ ಉದ್ದ ಮಾಡಿಕೊಳ್ಳುತ್ತಿದ್ದರು. ಬೆರಳಿಗೆ ಸೂಜಿ ತಗುಲಿ ಒಂದು ಹನಿ ರಕ್ತ ಬಿದ್ದರೂ ಕಥೆ ಮುಗಿಯಿತು.

ಗೇಣುದ್ದ ಬಿಚ್ಚಿ, ಕೂದಲು ಬಿಡಿಸಿ ಅಂಗಿಯ ತೋಳಿನೊಳಗೆ ತುರುಕಿಕೊಂಡಳು. ಆಗ ಮಡಿಕೆಯೊಳಗೆ ಇನ್ನೊಂದು ಕಂಡಿತು. ನೆರೆತ ಕೂದಲು. ಅದರ ಮೇಲಿನ ಹೊಲಿಗೆ ಎಷ್ಟು ಸಣ್ಣದೆಂದರೆ, ಹಾಗೆ ಹೊಲಿಯಬಲ್ಲವಳು ಆ ಕೋಣೆಯಲ್ಲಿ ಒಬ್ಬಳೇ.

"ಬಿಚ್ಚು ಅಂತ ಯಾರ್ ಹೇಳಿದ್ರು?"

ಮದಾಮ್ ಎರ್ಮೀನ್ ಬೆನ್ನ ಹಿಂದೆಯೇ ನಿಂತಿದ್ದಳು. ಎರ್ಮೀನ್ ಅಂಚಿನತ್ತ ಬಗ್ಗಿದಳು, ಬಗ್ಗಿದವಳು ಹಾಗೇ ನಿಂತಳು. ಅವಳ ಮುಖದಲ್ಲಿದ್ದುದೂ ಹೆದರಿಕೆಯೇ.

"ಏನ್ ಸಿಕ್ತು?"

"ಒಂದು ಕೂದ್ಲು, ಮದಾಮ್. ನಂದೇ. ತೆಗ್ದುಬಿಟ್ಟೆ."

"ಬೇರೆ?"

"ಬೇರೆ ಏನೂ ಇಲ್ಲ."

ಮೆಟ್ಟಿಲ ಮೇಲೆ ನಿರ್ದೇಶಕಿಯ ಬೂಟಿನ ಹಿಮ್ಮಡಿಯ ಸದ್ದು ಕೇಳಿಸಿತು. ಇಪ್ಪತ್ತು ನಿಮಿಷ ಮೊದಲೇ ಬರುತ್ತಿದ್ದಳು. ಅರ್ಲೆಟ್ ನೆರೆತ ಕೂದಲನ್ನು ಮಡಿಕೆಯೊಳಗೇ ಉಳಿಸಿ ಸೂಜಿ ಹಾಕಹೋದಳು. ಮೊದಲ ಹೊಲಿಗೆಯೇ ಸೊಟ್ಟಗೆ ಬಿತ್ತು. ಎರ್ಮೀನ್ ಸೂಜಿ ಕಸಿದುಕೊಂಡು ಮಂಡಿಯೂರಿದಳು.

"ನಿಂದೆಲ್ಲಿ?"

"ಹಾಂ?"

"ಕೂದ್ಲು ಕಣೇ. ಕೊಡು ಬೇಗ."

ಅರ್ಲೆಟ್ ತೋಳಿನಿಂದ ತೆಗೆದು ಕೊಟ್ಟಳು. ಹೆಜ್ಜೆ ಬಾಗಿಲ ಹತ್ತಿರ ಬಂದಿತ್ತು. ಎರ್ಮೀನ್ ಕೆಂಪು ಕೂದಲನ್ನು ನೆರೆತದ್ದರ ಪಕ್ಕಕ್ಕೆ ಇಟ್ಟು, ತಲೆ ಎತ್ತದೆ ಹೊಲಿದಳು.

"ತುದಿ ಹೊರಗೆ ಬಿಟ್ರೆ ಹಿಂಗೇ ಆಗೋದು," ಎಂದಳು ಪಿಸುದನಿಯಲ್ಲಿ. "ಒಳಗೆ ಮಡಚ್ಬೇಕು. ನೋಡ್ಕೊ."

ಬಾಗಿಲು ತೆರೆಯಿತು.