ಎಡಗಡೆ ಅರ್ಧ ಬೆರಳು

ಲುಗಾಂಗ್ ಪೇಟೆಯಲ್ಲಿ ಊದುಬತ್ತಿ ಮಾಡುವವರ ಓಣಿಗೆ ತಿರುಗಿದರೆ ಮೊದಲು ಸಿಗುವುದು ಆಬಾವ್‌ನ ಕ್ಷೌರದಂಗಡಿ. ಅದರೆದುರಿಗೆ ನನ್ನ ಕನ್ನಡಕದಂಗಡಿ. ನಮ್ಮ ಓಣಿಯ ಗಂಡಸರ ತಲೆಯನ್ನು ಅವನು ಮೂವತ್ತೆಂಟು ವರ್ಷದಿಂದ ನೋಡಿಕೊಂಡಿದ್ದಾನೆ, ಕಣ್ಣನ್ನು ನಾನು ಇಪ್ಪತ್ತಾರು ವರ್ಷದಿಂದ. ಅವನಿಗೆ ಅರವತ್ತೊಂದು ತುಂಬಿದ ವರ್ಷ ಗಿರಾಕಿಗಳು ಕಡಿಮೆಯಾದರು. ಹರೆಯದವರೆಲ್ಲ ದೊಡ್ಡ ಬೀದಿಯ ಸಲೂನಿಗೆ ಹೋಗತೊಡಗಿದ್ದರು. ಸುಮ್ಮನೆ ಕೂರಲಾಗದೆ ಆಬಾವ್ ಪೆನ್ಸಿಲ್ ಹಿಡಿದ.

ಕ್ಷೌರ ಮುಗಿದವರನ್ನು ಬೆಂಚಿನ ಮೇಲೆ ಎದುರಾಗಿ ಕೂರಿಸಿ, ಒಂದು ಲೋಟ ಚಹಾ ಕೊಟ್ಟು, ಹರಿದ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಅವರ ಮುಖ ಬರೆಯುತ್ತಿದ್ದ. ಆಗಷ್ಟೇ ಕತ್ತರಿಸಿದ ತಲೆಯನ್ನು ಬರೆಯುವುದು ಸುಲಭವಂತೆ. ಬರೆದದ್ದನ್ನು ಮುಂದಿನ ಗಿರಾಕಿಗೆ ತೋರಿಸಿ, "ಹೇಗಿದೆ? ಸಂಕೋಚ ಬೇಡ, ಬಾಯಿಬಿಟ್ಟು ಹೇಳು" ಎನ್ನುತ್ತಿದ್ದ. ಹಾಗೆ ಕೇಳುವಾಗ ಸಾಮಾನ್ಯವಾಗಿ ಅವನ ಕೈಯಲ್ಲಿ ಕ್ಷೌರದ ಕತ್ತಿ ಇರುತ್ತಿತ್ತು, ಗಿರಾಕಿಯ ಗಂಟಲು ಅದರ ಕೆಳಗಿರುತ್ತಿತ್ತು. ಹಾಗಾಗಿ ಓಣಿಯಲ್ಲಿ ಎಲ್ಲರಿಗೂ ಅವನ ಚಿತ್ರಗಳು ಇಷ್ಟವಾದವು.

"ಇವರು ಹೊಗಳೋದು ಕೇಳ್ಕೊಂಡು ಕೂತ್ರೆ ನೀನು ಕಲಿತ ಹಾಗೇ" ಎಂದು ಅವನ ಹೆಂಡತಿ ಸೂಚಿಂಗ್ ಒಂದು ದಿನ ಟವೆಲ್ ಹಿಂಡುತ್ತಾ ಹೇಳಿದಳು. ತೈಚುಂಗ್‌ನಿಂದ ಬಂದಿದ್ದ ಮಗಳು ಅಪ್ಪನ ಫೋನಿನಲ್ಲಿ ಪೆನ್ಸಿಲ್ ಚಿತ್ರ ಬರೆಯುವವರ ಒಂದು ಗುಂಪಿಗೆ ಅವನ ಹೆಸರು ಸೇರಿಸಿದಳು. ದೇಶದ ಮೂಲೆಮೂಲೆಯವರು ಅಲ್ಲಿ ತಮ್ಮ ಚಿತ್ರ ಹಾಕುತ್ತಿದ್ದರು, ಉಳಿದವರು ತಿದ್ದುತ್ತಿದ್ದರು. ಹೊಗಳಬಾರದು ಎನ್ನುವುದೇ ಗುಂಪಿನ ನಿಯಮ.

ಆಬಾವ್ ಹಾಕಿದ ಮೊದಲ ಚಿತ್ರ ಲೋ ಮೇಷ್ಟ್ರದ್ದು. ನಿವೃತ್ತ ಹೆಡ್‌ಮಾಸ್ತರು, ಎಪ್ಪತ್ತೊಂಬತ್ತು ವರ್ಷ, ವಾರಕ್ಕೊಮ್ಮೆ ತಪ್ಪದೆ ಬರುವವರು. ಗುಂಪಿನಲ್ಲಿ 'ಅಡಿಪಟ್ಟಿ' ಎಂಬ ಹೆಸರಿಟ್ಟುಕೊಂಡ ಒಬ್ಬರು ಬರೆದರು: "ಈ ಎರಡು ಕಣ್ಣುಗಳಿಗೆ ಒಂದಕ್ಕೊಂದು ಪರಿಚಯವೇ ಇಲ್ಲ. ಮೂಗನ್ನು ಆಮೇಲೆ ಯಾರೋ ತಂದು ಅಂಟಿಸಿದಂತಿದೆ. ಮೊದಲು ಮುಖದ ನಡುವೆ ಒಂದು ಗೆರೆ ಎಳೆದುಕೊಳ್ಳಿ."

ಆ ದಿನ ಆಬಾವ್ ಮೂವರಿಗೆ ಕ್ಷೌರ ಮಾಡಿದ, ಒಬ್ಬರನ್ನೂ ಬೆಂಚಿಗೆ ಕರೆಯಲಿಲ್ಲ. ಮರುದಿನ ಅಡಿಪಟ್ಟಿ ಹೇಳಿದ ಹಾಗೆ ಮುಖದ ನಡುವೆ ಗೆರೆ ಎಳೆದುಕೊಂಡು ಮತ್ತೆ ಶುರು ಮಾಡಿದ. ನಾಲ್ಕು ತಿಂಗಳು ಹೀಗೇ ನಡೆಯಿತು. ಅವನು ಹಾಕುವುದು, ಅಡಿಪಟ್ಟಿ ಬೈಯುವುದು, ಇವನು ಕುದಿಯುವುದು, ತಿದ್ದುವುದು. ನಿಜ ಹೇಳಬೇಕೆಂದರೆ ಚಿತ್ರ ಸುಧಾರಿಸಿತು. ಊದುಬತ್ತಿ ಅಂಗಡಿಯವನ ಚಿತ್ರವನ್ನು ಅವನ ಹೆಂಡತಿಯೇ ಗುರುತು ಹಿಡಿದಳು.

ಹಾಗಿರುವಾಗ ಒಂದು ಮಧ್ಯಾಹ್ನ ಆಬಾವ್ ಫೋನ್ ಹಿಡಿದುಕೊಂಡು ನನ್ನ ಅಂಗಡಿಗೆ ನುಗ್ಗಿದ. "ಚೆನ್, ಇದನ್ನ ಓದು. ಈ ಮನುಷ್ಯನಿಗೆ ತಲೆ ಕೆಟ್ಟಿದೆ."

ಅಡಿಪಟ್ಟಿ ಬರೆದಿದ್ದರು: "ನಿಮ್ಮ ಹನ್ನೆರಡು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದೆ. ಹನ್ನೆರಡರಲ್ಲೂ ಎಡಗಿವಿಯ ಮುಂದಿನ ಕೂದಲು ಬಲಗಡೆಗಿಂತ ಅರ್ಧ ಬೆರಳು ಮೇಲಿದೆ. ಜನ ಬೇರೆ ಬೇರೆ, ತಪ್ಪು ಒಂದೇ. ಇದು ನಿಮ್ಮ ಕೈಯ ದೋಷ."

"ನಾನು ಕಂಡದ್ದನ್ನ ಕಂಡ ಹಾಗೇ ಬರೆದಿದೀನಿ. ಎಲ್ಲಿ, ಕಣ್ಣುಗಳ ಅಂತರ ಅಳೆಯೋ ಪಟ್ಟಿ ಕೊಡು" ಎಂದು ನನ್ನ ಮೇಜಿನ ಮೇಲಿದ್ದ ಪಟ್ಟಿ ಎತ್ತಿಕೊಂಡು ನನ್ನ ಮುಖಕ್ಕೇ ಹಿಡಿದ. ಹಿಂದಿನ ದಿನವಷ್ಟೇ ಅವನ ಹತ್ತಿರ ಕ್ಷೌರ ಮಾಡಿಸಿಕೊಂಡಿದ್ದೆ. ಬಲಗಡೆ ಅಳೆದ, ಎಡಗಡೆ ಅಳೆದ, ಮತ್ತೆ ಬಲಗಡೆ ಅಳೆದ. ಪಟ್ಟಿಯನ್ನು ಮೇಜಿನ ಮೇಲಿಟ್ಟ.

"ಎಷ್ಟು?" ಎಂದೆ.

"ಅರ್ಧ ಬೆರಳು."

ಗೋಡೆಯ ಮೇಲಿದ್ದ ನನ್ನ ಮದುವೆಯ ಫೋಟೋ ಹತ್ತಿರ ಹೋಗಿ ನೋಡಿದೆವು. ಅದರಲ್ಲೂ ಅರ್ಧ ಬೆರಳು. ಅವನ ಕುರ್ಚಿಯ ಎಡಕ್ಕೆ ಕೈತೊಳೆಯುವ ಬೇಸಿನ್ ಇದೆ, ನಿಲ್ಲಲು ಜಾಗವಿಲ್ಲ. ಮೂವತ್ತೆಂಟು ವರ್ಷವೂ ಬಲಗಡೆ ನಿಂತು, ಬಾಗಿ, ಕೈಚಾಚಿ ಎಡಗಡೆ ಕತ್ತರಿಸಿದ್ದಾನೆ. ಕೈಯ ದೋಷ ಎಂದು ಅಡಿಪಟ್ಟಿ ಹೇಳಿದ್ದು ಸರಿಯಾಗಿಯೇ ಇತ್ತು, ಪೆನ್ಸಿಲ್ ಹಿಡಿದಾಗಿನ ಕೈ ಅಲ್ಲ ಅಷ್ಟೆ.

ಆಗ ನನಗೂ ಒಂದು ವಿಷಯ ಹೊಳೆಯಿತು. ನಮ್ಮ ಓಣಿಯವರು ಹೊಸ ಕನ್ನಡಕ ಹಾಕಿಕೊಂಡು ಕನ್ನಡಿ ನೋಡಿದ ಕೂಡಲೇ "ಓರೆ ಕೂತಿದೆಯಲ್ಲ" ಎನ್ನುತ್ತಿದ್ದರು. "ನಿಮ್ಮ ಕಿವಿಗಳೇ ಹೆಚ್ಚುಕಮ್ಮಿ" ಎಂದು ಗಂಭೀರವಾಗಿ ಹೇಳಿ ಕಡ್ಡಿ ಬಗ್ಗಿಸಿ ಕೊಡುತ್ತಿದ್ದೆ. ಓರೆ ಇದ್ದದ್ದು ಕಿವಿಯಲ್ಲ, ಕಿವಿಯ ಮುಂದಿನ ಕೂದಲು. ಅದನ್ನು ಆಬಾವ್‌ಗೆ ಹೇಳಲಿಲ್ಲ.

ಅವನು ಮನೆಗೆ ಹೋಗಿ ಸೂಚಿಂಗ್‌ಳನ್ನು ಕೇಳಿದನಂತೆ.

"ನಿನಗೆ ಗೊತ್ತಿತ್ತಾ?"

"ಮದುವೆಯಾದ ವರ್ಷವೇ ಗೊತ್ತಾಯ್ತು."

"ಮತ್ತೆ ಹೇಳಬಾರದಿತ್ತಾ?"

"ಒಂದು ಸಲ ಹೇಳಿದೆ. ನೀನು ಮೂರು ದಿನ ಗಂಜಿ ಬಟ್ಟಲು ಹಿಡ್ಕೊಂಡು ಗೋಡೆ ನೋಡ್ತಾ ಕೂತಿದ್ದೆ. ಆಮೇಲೆ ನನಗ್ಯಾಕೆ ಬೇಕು ಅಂತ ಬಿಟ್ಟೆ."

ಆ ಮೂರು ದಿನ ಅವನಿಗೆ ನೆನಪೇ ಇರಲಿಲ್ಲ.

ಆಬಾವ್ ಬೇಸಿನ್ ಕೀಳಿಸಿ ಆಚೆ ಮೂಲೆಗೆ ಹಾಕಿಸಿದ. ಎಡಗಡೆಯೂ ನಿಂತು, ಅಳೆದು, ಎರಡೂ ಕಡೆ ಕೂದಲಿನಷ್ಟೂ ವ್ಯತ್ಯಾಸವಿಲ್ಲದ ಹಾಗೆ ಕ್ಷೌರ ಮಾಡತೊಡಗಿದ. ಮೊದಲ ವಾರದಲ್ಲೇ ರಗಳೆ ಶುರುವಾಯಿತು. ಲೋ ಮೇಷ್ಟ್ರು ಕನ್ನಡಿಯಲ್ಲಿ ಒಮ್ಮೆ ಆ ಕೆನ್ನೆ, ಒಮ್ಮೆ ಈ ಕೆನ್ನೆ ತಿರುಗಿಸಿ ನೋಡಿಕೊಂಡರು.

"ಆಬಾವ್, ಎಡಗಡೆ ಉಳಿಸಿಬಿಟ್ಟಿದೀಯಲ್ಲೋ. ಮುಖ ಒಂದು ಕಡೆ ಜಾರಿದ ಹಾಗಿದೆ."

"ಎರಡೂ ಸಮ ಇದೆ ಮೇಷ್ಟ್ರೇ. ಅಳೆದಿದೀನಿ."

"ಅಳತೆ ಯಾರಿಗೆ ಬೇಕು? ವಯಸ್ಸಾಯ್ತು ನಿನಗೆ, ಕೈ ನಡುಗ್ತಿದೆ. ಮೊದಲು ಎಷ್ಟು ಚೆನ್ನಾಗಿ ಮಾಡ್ತಿದ್ದೆ."

ಊದುಬತ್ತಿ ಅಂಗಡಿಯವನು ಅದನ್ನೇ ಹೇಳಿದ, ಅವನ ಅಣ್ಣನೂ ಹೇಳಿದ. ಯಾರೂ ಸಂಕೋಚಪಡಲಿಲ್ಲ. ಇಷ್ಟು ದಿನ ಆಬಾವ್ ಬೇಡಿದ ನೇರ ಮಾತು ಈಗ ಧಾರಾಳವಾಗಿ ಸಿಗುತ್ತಿತ್ತು, ಅವನು ಕೇಳದೇ ಇದ್ದ ವಿಷಯಕ್ಕೆ. ನನ್ನ ಅಂಗಡಿಗೂ ಸಾಲುಗಟ್ಟಿ ಬಂದರು, ಕನ್ನಡಕ ಓರೆಯಾಗಿದೆ ಎಂದು. ಹಿಂದೆ ಬಗ್ಗಿಸಿದ ಕಡ್ಡಿಗಳನ್ನೆಲ್ಲ ಒಂದೊಂದಾಗಿ ನೆಟ್ಟಗೆ ಮಾಡಿದೆ. ಕಿವಿ ಸರಿಹೋಯಿತೇ ಎಂದು ಯಾರೂ ಕೇಳಲಿಲ್ಲ, ಸದ್ಯ.

ಎರಡು ತಿಂಗಳು ಹಟ ಹಿಡಿದು ಕೊನೆಗೆ ಆಬಾವ್ ಸೋತ. ಹಳೆಯ ಗಿರಾಕಿಗಳಿಗೆ ಎಡಗಡೆ ಅರ್ಧ ಬೆರಳು ಮೇಲೆ, ಹೊಸಬರು ಬಂದರೆ ಸಮ. ಈಗ ಅರ್ಧ ಬೆರಳನ್ನೂ ಅಳೆದೇ ಕತ್ತರಿಸುತ್ತಿದ್ದ. "ಕೈ ಮತ್ತೆ ಹದಕ್ಕೆ ಬಂತು ನೋಡು" ಎಂದು ಮೇಷ್ಟ್ರು ಬೆನ್ನು ತಟ್ಟಿದರು. ನಾನು ಕಡ್ಡಿಗಳನ್ನು ಮತ್ತೆ ಬಗ್ಗಿಸಿದೆ.

ಮೇಷ್ಟ್ರಿಗೆ ಎಂಬತ್ತು ತುಂಬಿದಾಗ ಮಕ್ಕಳು ಔತಣ ಇಟ್ಟುಕೊಂಡರು. ಹಾಲ್‌ನಲ್ಲಿ ಇಡುವುದಕ್ಕೆ ಆಬಾವ್‌ನೇ ತಮ್ಮ ಚಿತ್ರ ಬರೆಯಬೇಕು ಎಂದರು ಮೇಷ್ಟ್ರು. ಅವನು ಎಂಟು ದಿನ ಕೂತು ಬರೆದ. ಕಣ್ಣಿನ ಕೆಳಗಿನ ಚೀಲ, ಗಲ್ಲದ ಮಚ್ಚೆ, ಎಡಗಡೆಯ ಅರ್ಧ ಬೆರಳು, ಎಲ್ಲ ಇದ್ದ ಹಾಗೇ. ಮೇಷ್ಟ್ರು ತುಂಬ ಹೊತ್ತು ನೋಡಿದರು.

"ಇದೇನೋ ಇದು, ಎಡಗಡೆ ಮೇಲೆ ಬರೆದಿದೀಯ?"

"ನಿಮ್ಮ ತಲೇಲಿ ಇರೋದೇ ಹಾಗೆ ಮೇಷ್ಟ್ರೇ."

"ತಲೇಲಿ ಇರಲಿ ಬಿಡು, ಅದು ಚೆನ್ನಾಗಿದೆ. ಚಿತ್ರದಲ್ಲಿ ಸಮ ಮಾಡು. ನೂರಾರು ಜನ ನೋಡ್ತಾರೆ."

ಆಬಾವ್ ರಬ್ಬರ್ ತೆಗೆದುಕೊಂಡು ಸಮ ಮಾಡಿದ. ಕೈ ಆಡಿಸಿದವನು ಮಚ್ಚೆಯನ್ನೂ ಸ್ವಲ್ಪ ತೆಳುವಾಗಿಸಿದ. ಔತಣದಲ್ಲಿ ಎಲ್ಲರೂ ಚಿತ್ರದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಆಬಾವ್‌ನ ಮಗಳು ಅದನ್ನು ಗುಂಪಿಗೂ ಹಾಕಿದಳು. ಎರಡು ದಿನದ ನಂತರ ಆಬಾವ್ ರಸ್ತೆ ದಾಟಿ ಬಂದು ಫೋನನ್ನು ನನ್ನ ಮುಂದಿಟ್ಟ. ಅಡಿಪಟ್ಟಿ ಬರೆದಿದ್ದರು: "ನಿಯಮ ಮುರಿಯುತ್ತಿದ್ದೇನೆ. ಇದರಲ್ಲಿ ತಪ್ಪಿಲ್ಲ. ಕೊನೆಗೂ ನೀವು ಎದುರಿಗಿರುವ ಮನುಷ್ಯನನ್ನು ನೋಡಲು ಕಲಿತಿರಿ."

"ಖುಷಿಪಡೋ ಮಾರಾಯ" ಎಂದೆ.

"ಇದೊಂದರಲ್ಲೇ ನಾನು ಸುಳ್ಳು ಬರೆದಿರೋದು" ಎಂದ ಆಬಾವ್. ನಡೆದದ್ದನ್ನೆಲ್ಲ ತಿಳಿಸಿ ಉದ್ದಕ್ಕೆ ಒಂದು ಉತ್ತರ ಬರೆದ, ಓದಿಕೊಂಡ, ಅಳಿಸಿದ. "ತಮ್ಮ ಕೃಪೆ" ಎಂದಷ್ಟೇ ಬರೆದು ಕಳಿಸಿದ.

ಮರುದಿನ ಅವನ ಅಂಗಡಿಗೆ ರಜೆ. ಬಾಗಿಲು ಅರ್ಧ ತೆರೆದಿತ್ತು, ಇಣುಕಿ ನೋಡಿದೆ. ಬೆಂಚಿನ ಮೇಲೆ ಸೂಚಿಂಗ್ ಕೂತಿದ್ದಳು. ಅವಳ ತಲೆಗೆ ಅವನ ಕತ್ತರಿ ಎಂದೂ ತಾಗಿರಲಿಲ್ಲ. ಕೂದಲು ಕತ್ತರಿಸಿಕೊಳ್ಳಲು ಅವಳು ಮೊದಲಿನಿಂದಲೂ ಮಾರ್ಕೆಟ್ಟಿನ ಹಿಂದಿನ ಹೆಂಗಸಿನ ಹತ್ತಿರವೇ ಹೋಗುತ್ತಿದ್ದಳು. ಆಬಾವ್ ಹಾಳೆಯ ಮೇಲೆ ನಡುಗೆರೆ ಎಳೆಯುತ್ತಿದ್ದ.

"ಗಲ್ಲ ಉದ್ದ ಮಾಡ್ತಿದೀಯ" ಎಂದಳು ಅವಳು, ಕೂತಲ್ಲಿಂದಲೇ.

"ಇನ್ನೂ ಶುರುವೇ ಮಾಡಿಲ್ಲ ಕಣೇ" ಎಂದ ಅವನು.